ಗಾಜಿನ ನಳಿಕೆಯೊಳಗಿನ ಕಿತ್ತಳೆ

ಕೊಡಗಿನಿಂದ ಮೈಸೂರಿನ ಕಡೆಗೆ ಇಳಿದು ಬರುವ ಎರಡು ದಾರಿಗಳು ಹುಣಸೂರಿನಲ್ಲಿ ಕೂಡುತ್ತವೆ. ಒಂದು ದಾರಿ ಮಡಿಕೇರಿ, ಕುಶಾಲನಗರಗಳನ್ನು ದಾಟಿ, ಕೊಪ್ಪದ ಬಳಿ ಕಾವೇರಿಯ ಸೇತುವೆಯನ್ನು ಹಾಯ್ದು, ಬೈಲುಕುಪ್ಪೆ, ಪಿರಿಯಾಪಟ್ಟಣಗಳ ಮೂಲಕ ಬರುತ್ತದೆ. ಇನ್ನೊಂದು ವಿರಾಜಪೇಟೆ, ಗೋಣಿಕೊಪ್ಪಗಳಿಂದ ಹೊರಟು ತಿತಿಮತಿಯ ಕಾಡನ್ನು ಹೊಕ್ಕು ಬರುತ್ತದೆ. ಚಳಿಗಾಲದ ದಿನಗಳಲ್ಲಿ ಈ ದಾರಿಗಳಲ್ಲಿ ಬಸ್ಸಿನ ಪಯಣ ಮಾಡಿದ ಹಿರಿಯರಿಗೆ ಒಂದು ಪರಿಮಳದ ನೆನಪು ಉಳಿದೇ ಇರುತ್ತದೆ. ಬಸ್ಸಿನಲ್ಲಿ ಯಾರೋ ಒಬ್ಬರು ಕಿತ್ತಳೆಯ ಸಿಪ್ಪೆ ಬಿಡಿಸಿದರೆ ಸಾಕು, ಹಿಂದಿನ ಆಸನದಲ್ಲಿ ನಿದ್ರಿಸುತ್ತಿದ್ದವರೂ ಎಚ್ಚರಗೊಳ್ಳುತ್ತಿದ್ದರು. ತೆಳುವಾದ, ಸಡಿಲವಾದ ಸಿಪ್ಪೆ. ಸಿಹಿಯ ಬೆನ್ನಿಗೇ ತುಸು ಹುಳಿ. ಕೊಡಗಿನ ಕಿತ್ತಳೆ ಎಂದರೆ ಅದು.

ಆ ಹಣ್ಣು ಈಗಲೂ ಬರುತ್ತದೆ. ಆದರೆ ಹಿಂದಿನ ಹಾಗೆ ರಾಶಿರಾಶಿಯಾಗಿ ಬರುವುದಿಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ದೊರೆತು ಅದರ ಹೆಸರಿಗೆ ರಕ್ಷಣೆ ಬಂದಿತು. ಹೆಸರಿಗೆ ರಕ್ಷಣೆ ಬರುವ ವೇಳೆಗೆ ಮರಗಳು ತಾವೇ ವಿರಳವಾಗಿದ್ದವು. ಕಾಫಿ ತೋಟಗಳ ನೆರಳಿನಲ್ಲಿ ತಲೆಮಾರುಗಳ ಕಾಲ ಫಲ ಕೊಟ್ಟ ಈ ಮರ ಏಕೆ ಸೊರಗಿತು, ಅದನ್ನು ಉಳಿಸಲು ಪ್ರಯೋಗಶಾಲೆ ಯಾವ ಹಾದಿ ಹಿಡಿಯಿತು, ಆ ಹಾದಿ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೊಲವನ್ನು ಹೇಗೆ ಹಾದುಹೋಗಿದೆ ಎಂಬುದು ಇಂದಿನ ಮಾತಿನ ವಿಷಯ.

ಮೊದಲು ಒಂದು ಸಣ್ಣ ಘಟನೆ. ಪಿರಿಯಾಪಟ್ಟಣ ತಾಲ್ಲೂಕಿನ ನನ್ನ ಪರಿಚಯದ ರೈತರೊಬ್ಬರು ಹೊಗೆಸೊಪ್ಪಿನ ಬೇಸಾಯದ ಏರಿಳಿತಗಳಿಂದ ಬೇಸತ್ತು, ಹಿತ್ತಲಿನ ಅರ್ಧ ಎಕರೆಯಲ್ಲಿ ಕಿತ್ತಳೆ ನೆಟ್ಟರು. ಸಸಿಗಳನ್ನು ಕೊಂಡದ್ದು ಸಂತೆಗೆ ಬಂದ ಗಾಡಿಯಿಂದ. ಗಿಡಗಳು ಸೊಗಸಾಗಿ ಬೆಳೆದವು. ನಾಲ್ಕನೆಯ ವರ್ಷ ಎಲೆಗಳಲ್ಲಿ ಹಳದಿಯ ಮಚ್ಚೆಗಳು ಕಂಡವು. ಗೊಬ್ಬರದ ಕೊರತೆಯೆಂದು ಗೊಬ್ಬರ ಹಾಕಿದರು. ಐದನೆಯ ವರ್ಷ ಹಣ್ಣು ಬಿಟ್ಟಿತು. ಚಿಕ್ಕದು, ಒಂದು ಮಗ್ಗುಲಿಗೆ ವಾಲಿದ್ದು, ತುದಿಯಲ್ಲಿ ಹಸಿರು ಆರದೇ ಉಳಿದದ್ದು. ಏಳನೆಯ ವರ್ಷ ಅವರು ಮರಗಳನ್ನು ಕಡಿದು, ತಂಬಾಕಿನ ಬ್ಯಾರನ್ನಿನ ಒಲೆಗೆ ಹಾಕಿದರು. “ಗಿಡ ನೋಡೋಕೆ ಚೆನ್ನಾಗೇ ಇತ್ತು ಸ್ವಾಮಿ, ರೋಗ ಹುಟ್ಟಿನಲ್ಲೇ ಬಂದಿತ್ತು ಅಂತ ನಮಗೇನು ಗೊತ್ತು?” ಎಂದರು. ಕಿತ್ತಳೆಯ ಸೌದೆಯಲ್ಲಿ ಹೊಗೆಸೊಪ್ಪು ಬೆಂದಿತು. ಈ ಮಾತಿನಲ್ಲಿ ಒಂದು ವಿಚಿತ್ರವಾದ ವ್ಯಂಗ್ಯವಿದೆ. ಅದಕ್ಕೆ ಮತ್ತೆ ಬರುತ್ತೇನೆ.

“ರೋಗ ಹುಟ್ಟಿನಲ್ಲೇ ಬಂದಿತ್ತು” ಎಂದ ಆ ರೈತರ ಮಾತು ಶಾಸ್ತ್ರೀಯವಾಗಿಯೂ ಸರಿಯಾದದ್ದೇ ಇರಬೇಕು. ಕಿತ್ತಳೆ ಸೊರಗುವುದಕ್ಕೆ ಕಾರಣ ಒಂದೇ ಅಲ್ಲ. ನೀರು ನಿಂತ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಪೋಷಕಾಂಶಗಳ ಕೊರತೆಯಿಂದ ಕೊಂಬೆ ತುದಿಯಿಂದ ಒಣಗುತ್ತದೆ. ಆದರೆ ಎಲ್ಲಕ್ಕಿಂತ ಕ್ರೂರವಾದವು ರಸದೊಡನೆ ಸಂಚರಿಸುವ ಎರಡು ರೋಗಗಳು. ಒಂದರ ಹೆಸರು ‘ತ್ರಿಸ್ತೆಸ’. ಪೋರ್ಚುಗೀಸ್ ಭಾಷೆಯಲ್ಲಿ ಹಾಗೆಂದರೆ ವಿಷಾದ. 1930ರ ಮತ್ತು 40ರ ದಶಕಗಳಲ್ಲಿ ಬ್ರೆಜಿಲ್ಲಿನ ಲಕ್ಷಾಂತರ ಮರಗಳು ಬಾಡಿ ನಿಂತುದನ್ನು ಕಂಡವರು ವೈರಸ್ಸಿನಿಂದ ಬರುವ ಆ ರೋಗಕ್ಕೆ ಈ ಹೆಸರಿಟ್ಟರು. ಸಸ್ಯಹೇನು ಅದರ ವಾಹಕ. ಇನ್ನೊಂದು ‘ಗ್ರೀನಿಂಗ್’. ಹಣ್ಣಿನ ತುದಿ ಹಸಿರಾಗಿಯೇ ಉಳಿಯುವುದರಿಂದ ಆ ಹೆಸರು. 1966ರಲ್ಲಿ ಆಸ್ಟ್ರೇಲಿಯದ ಲಿಲಿಯನ್ ಫ್ರೇಸರ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು, ನಮ್ಮ ದೇಶದ ಕಿತ್ತಳೆ ತೋಟಗಳ ಅವನತಿಗೆ ಗ್ರೀನಿಂಗ್ ರೋಗವೇ ಬಹುಮಟ್ಟಿಗೆ ಕಾರಣವಿರಬೇಕೆಂದು ಪ್ರಕಟಿಸಿದರು. ಮರುವರ್ಷವೇ ಕಪೂರ್, ರಾವ್, ವಿಶ್ವನಾಥ್ ಎಂಬ ಮೂವರು ವಿಜ್ಞಾನಿಗಳು, ‘ಸಿಲ್ಲ’ ಎಂಬ ಕಿರುಗೀಟ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆಂದು ತೋರಿಸಿದರು. ವೈರಸ್ಸೆಂದು ಮೊದಲು ತಿಳಿದಿದ್ದ ಇದರ ಮೂಲ ಒಂದು ಬ್ಯಾಕ್ಟೀರಿಯವೆಂಬುದು ಆಮೇಲೆ ಸ್ಪಷ್ಟವಾಯಿತು.

ಈ ಎರಡೂ ರೋಗಗಳಿಗೆ ಕೀಟಗಳಲ್ಲದೆ ಇನ್ನೊಂದು ವಾಹನವುಂಟು. ಅದು ನಮ್ಮ ಕಸಿಚಾಕು. ರೋಗಿಷ್ಠ ತಾಯಿಮರದಿಂದ ತೆಗೆದ ಒಂದು ಕಣ್ಣು ನೂರು ಮೈಲಿ ಆಚೆಯ ತೋಟಕ್ಕೂ ರೋಗವನ್ನು ಕೊಂಡೊಯ್ಯುತ್ತದೆ. ಕೀಟಕ್ಕೆ ಅಷ್ಟು ದೂರ ಹಾರುವ ಶಕ್ತಿಯಿಲ್ಲ. ಸಸಿಯ ಗಾಡಿಗೆ ಇದೆ.

ಹಾಗಾದರೆ ಕಸಿಯನ್ನೇ ಬಿಟ್ಟು ಬೀಜದಿಂದ ಬೆಳೆಸಬಾರದೇಕೆ ಎಂಬ ಪ್ರಶ್ನೆ ಸಹಜ. ಕೊಡಗಿನ ಹಳೆಯ ಮರಗಳಲ್ಲಿ ಹೆಚ್ಚಿನವು ಬೀಜದ ಮರಗಳೇ. ಇಲ್ಲಿ ಪ್ರಕೃತಿಯ ಒಂದು ಕೌತುಕವಿದೆ. 1719ರಲ್ಲಿ ಹಾಲೆಂಡಿನ ಲೇವನ್‌ಹುಕ್ ಕಿತ್ತಳೆಯ ಒಂದೇ ಬೀಜದೊಳಗೆ ಎರಡು ಮೊಳಕೆಗಳನ್ನು ಕಂಡು ಬೆರಗಾದ. ಅದರ ಒಗಟನ್ನು 1878ರಲ್ಲಿ ಬಿಡಿಸಿದವನು ಜರ್ಮನಿಯ ಸಸ್ಯಶಾಸ್ತ್ರಜ್ಞ ಸ್ಟ್ರಾಸ್‌ಬರ್ಗರ್. ಬೀಜದೊಳಗಿನ ಭ್ರೂಣಗಳಲ್ಲಿ ಒಂದು ಮಾತ್ರ ಗಂಡು ಹೆಣ್ಣುಗಳ ಕೂಟದಿಂದ ಹುಟ್ಟಿದ ಕೂಸು. ಮಿಕ್ಕವು, ಭ್ರೂಣವನ್ನು ಸುತ್ತುವರಿದ ‘ನ್ಯೂಸೆಲಸ್’ ಎಂಬ ತಾಯಿಯದೇ ಅಂಗಾಂಶದಿಂದ ಮೂಡಿದವು. ಅಂದರೆ ಅವುಗಳಿಗೆ ತಂದೆಯಿಲ್ಲ. ಅವು ತಾಯಿಯ ಮಕ್ಕಳೂ ಅಲ್ಲ, ತಾಯಿಯೇ ಮತ್ತೆ ಹುಟ್ಟಿ ಬಂದ ಹಾಗೆ. ಮನುಷ್ಯ ಗಾಜಿನ ನಳಿಕೆಯಲ್ಲಿ ಗಿಡದ ಪ್ರತಿರೂಪ ತೆಗೆಯಲು ಕಲಿಯುವುದಕ್ಕೆ ಎಷ್ಟೋ ಮೊದಲು ಕಿತ್ತಳೆ ತನ್ನ ಬೀಜದೊಳಗೆ ಆ ವಿದ್ಯೆಯನ್ನು ನಡೆಸಿಕೊಂಡು ಬಂದಿತ್ತು. ಮೇಲಾಗಿ ತ್ರಿಸ್ತೆಸ, ಗ್ರೀನಿಂಗ್‌ಗಳು ಬೀಜದ ಮೂಲಕ ದಾಟುವುದಿಲ್ಲ.

ಆದರೆ ಮತ್ತೆ ಹುಟ್ಟಿದ ತಾಯಿಗೂ ಬಾಲ್ಯವನ್ನು ಮತ್ತೆ ಕಳೆಯದೆ ಗತ್ಯಂತರವಿಲ್ಲ. ಬೀಜದ ಗಿಡ ಮುಳ್ಳು ಮುಳ್ಳಾಗಿ, ನೀಳವಾಗಿ ಬೆಳೆದು, ತಡವಾಗಿ ಫಲಕ್ಕೆ ಬರುತ್ತದೆ. ಬೇರುಕೊಳೆಯನ್ನು ತಾಳಿಕೊಳ್ಳುವ ಬೇರೊಂದು ಜಾತಿಯ ಬೇರಿನ ಆಸರೆಯೂ ಅದಕ್ಕಿಲ್ಲ. ರಂಗಪುರ ನಿಂಬೆಯಂಥ ಬೇರುಗಿಡದ ಮೇಲೆ ಕಣ್ಣುಕಸಿ ಮಾಡಿದರೆ ಮರ ಬೇಗ ಫಲಿಸುತ್ತದೆ. ಆದರೆ ಕಣ್ಣಿನೊಡನೆ ರೋಗವೂ ಬರಬಹುದು. ಬೀಜದ ಹಾದಿ ಶುದ್ಧ, ಆದರೆ ನಿಧಾನ. ಕಣ್ಣಿನ ಹಾದಿ ಶೀಘ್ರ, ಆದರೆ ಅಪಾಯಕರ. ಈ ಎರಡರ ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸುವ ಬಗೆ ಹೇಗೆ? ಕಿತ್ತಳೆಯ ವಿಷಯದಲ್ಲಿ ಅಂಗಾಂಶ ಕೃಷಿ ಉತ್ತರಿಸಬೇಕಾಗಿದ್ದ ಪ್ರಶ್ನೆ ಇದು.

ಅಂಗಾಂಶ ಕೃಷಿಯ ಕಥೆ ಒಂದು ಸೋಲಿನಿಂದ ಆರಂಭವಾಗುತ್ತದೆ. 1902ರಲ್ಲಿ ಆಸ್ಟ್ರಿಯದ ಹೇಬರ್‌ಲಾಂಟ್ ಎಂಬ ವಿದ್ವಾಂಸ, ಗಿಡದ ಒಂದೊಂದು ಜೀವಕೋಶದಲ್ಲೂ ಇಡೀ ಗಿಡವಾಗುವ ಸಾಮರ್ಥ್ಯ ಅಡಗಿರಬೇಕೆಂದು ಸಾರಿದ. ಎಲೆಯ ಜೀವಕೋಶಗಳನ್ನು ಬಿಡಿಸಿ ಪೋಷಕದ್ರವದಲ್ಲಿಟ್ಟ. ಅವು ಕೆಲಕಾಲ ಬದುಕಿದವು, ಒಂದೂ ಇಬ್ಭಾಗವಾಗಲಿಲ್ಲ. ಕನಸು ನಿಜವಾಗಿತ್ತು, ಊಟ ಸರಿಯಿರಲಿಲ್ಲ. 1941ರಲ್ಲಿ ಎಳನೀರನ್ನು ಬೆರೆಸಿದಾಗ ದತ್ತೂರಿಯ ಎಳೆಯ ಭ್ರೂಣಗಳು ನಳಿಕೆಯಲ್ಲಿ ಬೆಳೆದವು. ನಮ್ಮ ಅಡುಗೆಮನೆಯ ತೆಂಗಿನಕಾಯಿಗೆ ಪ್ರಯೋಗಶಾಲೆಯ ಪ್ರವೇಶ ಸಿಕ್ಕಿದ್ದು ಹಾಗೆ.

ಅಲ್ಲಿಂದ ಮುಂದಿನ ದೊಡ್ಡ ಹೆಜ್ಜೆಗಳಲ್ಲಿ ಕೆಲವು ಹೊಗೆಸೊಪ್ಪಿನ ಮೇಲೆ ಇಟ್ಟವು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಕಾಂಡದ ತಿರುಳನ್ನು ತುಂಡರಿಸಿ ಬೆಳೆಸುತ್ತಿದ್ದರು. 1957ರಲ್ಲಿ ಅವರು ತೋರಿಸಿದ ಸಂಗತಿ ಇದು: ಆಕ್ಸಿನ್, ಸೈಟೊಕೈನಿನ್ ಎಂಬ ಎರಡು ಚೋದಕಗಳಲ್ಲಿ ಮೊದಲನೆಯದು ಹೆಚ್ಚಾದರೆ ಬೇರು ಹುಟ್ಟುತ್ತದೆ, ಎರಡನೆಯದು ಹೆಚ್ಚಾದರೆ ಚಿಗುರು ಒಡೆಯುತ್ತದೆ, ಎರಡೂ ಸಮತೂಗಿದರೆ ಆಕಾರವಿಲ್ಲದ ಜೀವಕೋಶಗಳ ಮುದ್ದೆ ಬೆಳೆಯುತ್ತದೆ. ಸ್ಕೂಗ್‌ರ ಬಳಿ ಟೊಶಿಯೊ ಮುರಾಶಿಗೆ ಎಂಬ ವಿದ್ಯಾರ್ಥಿಯಿದ್ದರು. ತಂಬಾಕಿನ ಎಲೆಯ ಸಾರವನ್ನು ಬೆರೆಸಿದರೆ ಅಂಗಾಂಶ ಹುಲುಸಾಗಿ ಬೆಳೆಯುವುದನ್ನು ಕಂಡು, ಅದರಲ್ಲಿರುವ ವಿಶೇಷ ವಸ್ತು ಏನೆಂದು ಅವರು ಹುಡುಕಿದರು. ಕೊನೆಗೆ ತಿಳಿದುಬಂದದ್ದೇನೆಂದರೆ, ಗುಟ್ಟು ಬಹುಪಾಲು ಸಾಮಾನ್ಯ ಲವಣಗಳಲ್ಲಿತ್ತು. ಸಾರಜನಕವನ್ನೂ ಪೊಟ್ಯಾಸಿಯಮ್ಮನ್ನೂ ಹಿಂದಿನವರು ಸಾಲದಷ್ಟು ಬಡಿಸುತ್ತಿದ್ದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಹೊಸ ಪಾಕವನ್ನು ಪ್ರಕಟಿಸಿದರು. ತಂಬಾಕಿಗೆಂದು ತಯಾರಾದ ಆ ಪಾಕವನ್ನೇ ಇಂದಿಗೂ ಜಗತ್ತಿನ ಅಂಗಾಂಶ ಕೃಷಿಯ ಪ್ರಯೋಗಶಾಲೆಗಳು ಬಾಳೆಗೂ, ಆರ್ಕಿಡ್ಡಿಗೂ, ಕಿತ್ತಳೆಗೂ ಬಡಿಸುತ್ತಿವೆ.

ವ್ಯಂಗ್ಯವೆಂದು ನಾನು ಆಗ ಹೇಳಿದ್ದು ಇದನ್ನೇ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಹಗುರ ಮಣ್ಣು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ನೆಟ್ಟು, ಬ್ಯಾರನ್ನಿನಲ್ಲಿ ಹದಗೊಳಿಸಿ, 1984ರಿಂದ ತಂಬಾಕು ಮಂಡಳಿಯ ಹರಾಜುಕಟ್ಟೆಗೆ ಒಯ್ಯುವ ಬೆಳೆ. ಮನುಷ್ಯನ ಶ್ವಾಸಕೋಶಕ್ಕೆ ಕೇಡೆನಿಸಿಕೊಂಡ ಅದೇ ಗಿಡ ಕಿತ್ತಳೆಯ ಪುನರ್ಜನ್ಮಕ್ಕೆ ಬೇಕಾದ ಊಟದ ಅಳತೆಯನ್ನು ಕಲಿಸಿಕೊಟ್ಟಿತು. ಬ್ಯಾರನ್ನಿನ ಒಲೆಯಲ್ಲಿ ಕಿತ್ತಳೆಯನ್ನು ಸುಟ್ಟ ನನ್ನ ಪರಿಚಿತರಿಗೆ ಈ ಕಥೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಹೊಗೆಸೊಪ್ಪಿಗೂ ಒಂದು ಪುಣ್ಯ ಅಂತ ಇದೆ ಅನ್ನಿ” ಎಂದರು.

ನಮ್ಮ ದೇಶವೂ ಈ ಕಥೆಯಲ್ಲಿ ಕೇವಲ ಕೇಳುಗನಾಗಿ ಕುಳಿತಿರಲಿಲ್ಲ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪಂಚಾನನ ಮಹೇಶ್ವರಿಯವರ ಸುತ್ತ ಸಸ್ಯಭ್ರೂಣಶಾಸ್ತ್ರದ ಒಂದು ದೊಡ್ಡ ಗುರುಕುಲವೇ ಬೆಳೆದಿತ್ತು. ಕನ್ನಡಿಗರು ‘ಹಸುರು ಹೊನ್ನು’ವಿನ ಲೇಖಕರೆಂದು ಬಲ್ಲ ಬಿ. ಜಿ. ಎಲ್. ಸ್ವಾಮಿಯವರು ಪಾಂಡಿತ್ಯ ಗಳಿಸಿದ್ದೂ ಇದೇ ಶಾಸ್ತ್ರದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. 1958ರಲ್ಲಿ ದೆಹಲಿಯ ಎನ್. ಎಸ್. ರಂಗಸ್ವಾಮಿಯವರು ಕಿತ್ತಳೆಯ ಕುಲದ ಒಂದು ಗಿಡದ ನ್ಯೂಸೆಲಸ್ ಅಂಗಾಂಶವನ್ನು ಬಿಡಿಸಿ ನಳಿಕೆಯಲ್ಲಿಟ್ಟು, ಅದರಿಂದ ಪುಟ್ಟ ಸಸಿಗಳನ್ನು ಪಡೆದರು. ಬೀಜದೊಳಗೆ ಗುಟ್ಟಾಗಿ ನಡೆಯುತ್ತಿದ್ದ ಕೆಲಸ ಗಾಜಿನಲ್ಲಿ ಕಣ್ಣಿಗೆ ಕಾಣುವಂತಾಯಿತು. ಆದರೆ ಹೀಗೆ ಹುಟ್ಟಿದ ಸಸಿಗೂ ಬೀಜದ ಗಿಡದ ಬಾಲ್ಯವೇ. ಮುಳ್ಳು ತಪ್ಪಲಿಲ್ಲ, ವಿಳಂಬವೂ ತಪ್ಪಲಿಲ್ಲ.

ಆ ಕೊರತೆಯನ್ನು ನೀಗಿದ್ದು ‘ಚಿಗುರುತುದಿಯ ಕಸಿ’. ತಂಬಾಕಿನ ಪಾಕವನ್ನು ಕಂಡುಹಿಡಿದ ಮುರಾಶಿಗೆಯವರೇ ಅನಂತರ ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ ಕಿತ್ತಳೆಯ ಕಡೆಗೆ ತಿರುಗಿದರು. 1972ರಲ್ಲಿ ಅವರು ಸಹೋದ್ಯೋಗಿಗಳೊಡನೆ ಈ ವಿಧಾನವನ್ನು ಪ್ರಕಟಿಸಿದರು. ಆ ಸಹೋದ್ಯೋಗಿಗಳಲ್ಲಿ ಟಿ. ಎಸ್. ರಂಗನ್ ಎಂಬ ಭಾರತೀಯರೂ ಇದ್ದರು. 1975ರಲ್ಲಿ ಸ್ಪೇನಿನ ಲೂಯಿಸ್ ನವಾರೊ ಅದನ್ನು ಅಲ್ಲಿಯೇ ಪರಿಷ್ಕರಿಸಿದರು.

ಇದರ ತತ್ತ್ವ ಸರಳ. ವೈರಸ್ಸು, ಬ್ಯಾಕ್ಟೀರಿಯಗಳು ಸಾಗುವುದು ಗಿಡದ ರಸನಾಳಗಳಲ್ಲಿ. ಚಿಗುರಿನ ತುತ್ತತುದಿಯಲ್ಲಿ ಜೀವಕೋಶಗಳು ಇನ್ನೂ ಒಡೆದು ಹೆಚ್ಚುತ್ತಿರುತ್ತವೆ. ರಸನಾಳಗಳು ಅಲ್ಲಿಗೆ ಇನ್ನೂ ತಲುಪಿರುವುದಿಲ್ಲ. ರಸ್ತೆಯಿಲ್ಲದ ಊರಿಗೆ ರೋಗವೂ ಬರುವುದಿಲ್ಲ. ಆ ತುದಿಯನ್ನು ಮಾತ್ರ ಕತ್ತರಿಸಿಕೊಂಡರೆ, ಮರ ರೋಗಿಷ್ಠವಾದರೂ ತುದಿ ನಿರೋಗಿಯಾಗಿರುವ ಸಂಭವವುಂಟು.

ಕೆಲಸ ಮಾತ್ರ ಅಕ್ಕಸಾಲಿಯ ಕೆಲಸ. ಬೇರುಗಿಡದ ಬೀಜವನ್ನು ಸಿಪ್ಪೆ ಸುಲಿದು, ಸೂಕ್ಷ್ಮಜೀವಿಗಳಿಲ್ಲದಂತೆ ಶುದ್ಧಿಮಾಡಿ, ಅಗಾರ್ ಬೆರೆಸಿದ ಪಾಕದ ಮೇಲೆ ಕತ್ತಲೆಯಲ್ಲಿ ಸುಮಾರು ಎರಡು ವಾರ ಮೊಳೆಯಿಸುತ್ತಾರೆ. ಬೆಳ್ಳಗಿನ ಆ ಮೊಳಕೆಯ ತಲೆಯನ್ನು ಕತ್ತರಿಸಿ, ಕಾಂಡದಲ್ಲಿ ಒಂದು ಮಿಲಿಮೀಟರಿನಷ್ಟು ಸೀಳು ಮಾಡುತ್ತಾರೆ. ತಾಯಿಮರದ ಎಳೆಚಿಗುರಿನಿಂದ ಎರಡು ಮೂರು ಎಲೆಮೊಗ್ಗುಗಳ ಸಹಿತ ತುದಿಯನ್ನು ಸೂಕ್ಷ್ಮದರ್ಶಕದಡಿಯಲ್ಲಿ ತೆಗೆಯುತ್ತಾರೆ. ಅದರ ಗಾತ್ರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಅಥವಾ ಎರಡು ಪಾಲು; ಸಾಸಿವೆ ಕಾಳು ಅದರ ಮುಂದೆ ಬಂಡೆ. ಗಾಳಿಯಲ್ಲಿ ಕ್ಷಣಕಾಲ ಹೆಚ್ಚಾಗಿ ಇದ್ದರೆ ಅದು ಒಣಗಿಹೋಗುತ್ತದೆ. ಅದನ್ನು ಸೀಳಿನಲ್ಲಿ ಕೂರಿಸಿ, ಸಕ್ಕರೆ ಬೆರೆತ ಪಾಕದ ನಳಿಕೆಯೊಳಗೆ ಇಳಿಸುತ್ತಾರೆ. ಒಲಿದರೆ ಕೆಲವು ವಾರಗಳಲ್ಲಿ ಎಲೆ ಒಡೆಯುತ್ತದೆ. ಪಳಗಿದ ಕೈಯಲ್ಲೂ ನೂರಕ್ಕೆ ಮೂವತ್ತೋ ಐವತ್ತೋ ಒಲಿಯುತ್ತವೆ. ಈ ತುದಿ ಫಲಕ್ಕೆ ಬಂದ ಮರದ್ದಾದ್ದರಿಂದ ಅದಕ್ಕೆ ಬಾಲ್ಯವನ್ನು ಮತ್ತೆ ಕಳೆಯುವ ಹೊರೆಯಿಲ್ಲ, ಮುಳ್ಳಿಲ್ಲ, ವಿಳಂಬವಿಲ್ಲ.

ಒಲಿದ ಮಾತ್ರಕ್ಕೆ ಶುದ್ಧವೆಂದು ನಂಬುವ ಹಾಗಿಲ್ಲ, ಪರೀಕ್ಷೆ ಆಗಲೇಬೇಕು. ಈಗ ಅದಕ್ಕೆ ರಾಸಾಯನಿಕ ಮತ್ತು ಡಿಎನ್‌ಎ ಪರೀಕ್ಷೆಗಳುಂಟು. ಅವಿಲ್ಲದ ಕಾಲದಲ್ಲಿ ತ್ರಿಸ್ತೆಸದ ಸಾಕ್ಷಿ ಹೇಳುತ್ತಿದ್ದುದು ನಾವು ಉಪ್ಪಿನಕಾಯಿಗೆ ಬಳಸುವ ಕಾಗ್ಜಿ ನಿಂಬೆ. ಸಂಶಯದ ಗಿಡದ ತುಣುಕನ್ನು ಅದಕ್ಕೆ ಕಸಿಮಾಡಿದರೆ, ವೈರಸ್ಸಿದ್ದಲ್ಲಿ ನಿಂಬೆಯ ಎಲೆನರಗಳು ಅಲ್ಲಲ್ಲಿ ತೆಳುಬಣ್ಣಕ್ಕೆ ತಿರುಗುತ್ತಿದ್ದವು.

ಇಲ್ಲೊಂದು ತಪ್ಪುಕಲ್ಪನೆಯನ್ನು ದೂರಮಾಡಬೇಕು. ಅಂಗಾಂಶ ಕೃಷಿಯೆಂದರೆ ಒಂದನ್ನು ಸಾವಿರವಾಗಿಸುವ ಯಂತ್ರವೆಂದು ಜನ ತಿಳಿದಿದ್ದಾರೆ. ಬಾಳೆಯಲ್ಲಿ ಅದು ನಿಜ. ಕಿತ್ತಳೆಯಂಥ ಮರದ ಜಾತಿಯಲ್ಲಿ ನಳಿಕೆಯ ಕೆಲಸ ಲೆಕ್ಕವನ್ನು ಹೆಚ್ಚಿಸುವುದಲ್ಲ, ಮೂಲವನ್ನು ತೊಳೆಯುವುದು. ಶುದ್ಧವಾದ ಒಂದು ಗಿಡ ಕೈಗೆ ಬಂದರೆ ಅದನ್ನು ಕೀಟ ನುಸುಳದ ಬಲೆಮನೆಯಲ್ಲಿ ತಾಯಿಯಾಗಿ ಬೆಳೆಸಿ, ಅದರ ಕಣ್ಣುಗಳನ್ನು ಹಳೆಯ ಕಸಿಚಾಕುವಿನಿಂದಲೇ ಬೇರುಗಿಡಗಳಿಗೆ ಕೂರಿಸಬೇಕು. ರೋಗ ಹರಡಿದ ಅದೇ ಚಾಕು ಆಗ ಆರೋಗ್ಯವನ್ನು ಹರಡುತ್ತದೆ.

ಇದು ಕೇವಲ ಆಸೆಯ ಮಾತಲ್ಲ. ಸ್ಪೇನಿನ ವಲೆನ್ಸಿಯ ಸೀಮೆಯಲ್ಲಿ 1957ರಲ್ಲಿ ತ್ರಿಸ್ತೆಸ ಕಾಣಿಸಿಕೊಂಡು, ಮುಂದಿನ ದಶಕಗಳಲ್ಲಿ ಕೋಟ್ಯಂತರ ಮರಗಳು ಸತ್ತವು. ನವಾರೊ ತಾಯ್ನಾಡಿಗೆ ಮರಳಿ 1975ರಲ್ಲಿ ಆರಂಭಿಸಿದ ಕಾರ್ಯಕ್ರಮದ ಶುದ್ಧ ಗಿಡಗಳಿಂದಲೇ ಅಲ್ಲಿನ ತೋಟಗಳು ಮತ್ತೆ ಎದ್ದವು. ಸಂಸ್ಕೃತದ ‘ನಾರಂಗ’ ಅರಬ್ಬರ ಬಾಯಲ್ಲಿ ‘ನಾರಂಜ್’ ಆಗಿ, ಸ್ಪೇನಿನಲ್ಲಿ ‘ನರಾಂಹ’ ಆಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮಲ್ಲಿಂದ ಹೋದ ಹೆಸರಿನ ಹಣ್ಣು ಅಲ್ಲಿ ಬದುಕಿಕೊಂಡ ಬಗೆಯನ್ನು ನಾವು ಅಲ್ಲಿಂದ ಕಲಿಯಬೇಕಾಗಿ ಬಂತು. ನಾಗಪುರದಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರ ಅಲ್ಲಿನ ಕಿತ್ತಳೆಯಲ್ಲಿ ಚಿಗುರುತುದಿಯ ಕಸಿಯನ್ನು ಕೈಗೆತ್ತಿಕೊಂಡಿತು. ನಮ್ಮ ಕೊಡಗಿನ ಚೆಟ್ಟಳ್ಳಿಯಲ್ಲಿ ಕಿತ್ತಳೆಗಾಗಿಯೇ ದುಡಿದ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ.

ಆದರೂ ಪ್ರಯೋಗಶಾಲೆ ಕೊಡುವುದು ಶುದ್ಧವಾದ ಗಿಡವನ್ನೇ ಹೊರತು ರೋಗನಿರೋಧದ ಕವಚವನ್ನಲ್ಲ. ಹೊಲಕ್ಕೆ ಬಂದ ಮರುದಿನವೇ ಸಿಲ್ಲಕೀಟ ಅದರ ಮೇಲೆ ಕುಳಿತುಕೊಳ್ಳಬಹುದು. ಆ ಕೀಟ ನಮ್ಮ ಹಿತ್ತಲಿನ ಕರಿಬೇವಿನ ಮೇಲೂ ಬದುಕುತ್ತದೆ. ಅಮೆರಿಕದ ಫ್ಲಾರಿಡದಲ್ಲಿ ಹಣಕ್ಕಾಗಲಿ ವಿದ್ಯೆಗಾಗಲಿ ಕೊರತೆಯಿರಲಿಲ್ಲ. 2003-04ರಲ್ಲಿ ಅಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2005ರಲ್ಲಿ ಗ್ರೀನಿಂಗ್ ಪತ್ತೆಯಾಯಿತು. 2022-23ರಲ್ಲಿ ಬೆಳೆದದ್ದು 2 ಕೋಟಿ ಪೆಟ್ಟಿಗೆಗೂ ಕಡಿಮೆ. ಚಂಡಮಾರುತಗಳೂ ಕೈಗೂಡಿಸಿದವೆನ್ನಿ, ಆದರೆ ತೋಟಗಳ ಬೆನ್ನು ಮುರಿದದ್ದು ರೋಗ. ಒಬ್ಬನ ತೋಟ ಶುದ್ಧವಾಗಿದ್ದು ನೆರೆಯವನ ತೋಟದಲ್ಲಿ ರೋಗದ ಮರ ನಿಂತಿದ್ದರೆ ನಳಿಕೆಯ ಶ್ರಮವೆಲ್ಲ ನೀರಿನಲ್ಲಿ ಹೋಮ. ಕಿತ್ತಳೆಯ ಆರೋಗ್ಯ ಒಂದು ಊರಿನ ಒಟ್ಟು ಹೊಣೆ; ಕೆರೆಯ ಹೂಳಿನ ಹಾಗೆ, ಬಾವಿಯ ನೀರಿನ ಹಾಗೆ.

ಹೊಗೆಸೊಪ್ಪಿನ ಸೀಮೆಯ ರೈತರು ಇಂದು ಬೇರೆ ಬೆಳೆಗಳನ್ನು ಹುಡುಕುತ್ತಿದ್ದಾರೆ. ಕೊಡಗಿನ ಅಂಚಿನ ಹಳ್ಳಿಗಳಲ್ಲಿ ಕಿತ್ತಳೆಯ ಆಸೆ ಮತ್ತೆ ಚಿಗುರಿದರೆ ಅಚ್ಚರಿಯಿಲ್ಲ. ಸೊಪ್ಪಿನ ಬೆಳೆ ಕೈಕೊಟ್ಟರೆ ಒಂದು ಮುಂಗಾರು ನಷ್ಟ. ಕಿತ್ತಳೆಯ ಸಸಿ ಕೈಕೊಟ್ಟರೆ ಐದಾರು ವರ್ಷ ನಷ್ಟ, ಅದೂ ಐದಾರು ವರ್ಷ ಕಳೆದ ಮೇಲೆ ತಿಳಿಯುವ ನಷ್ಟ. ಆದ್ದರಿಂದ ಸಸಿ ಕೊಳ್ಳುವವನು ಬೆಲೆಗಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ಕಣ್ಣು ಯಾವ ತಾಯಿಯದು? ಕೆಳಗಿನ ಬೇರು ಯಾವುದರದು? ಆ ತಾಯಿಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಹೆಣ್ಣು ಗಂಡು ನೋಡುವಾಗ ಕುಲಗೋತ್ರ ವಿಚಾರಿಸುವ ನಮ್ಮ ಜನರಿಗೆ ಇದು ಅಸಾಧ್ಯವಾದ ಅಭ್ಯಾಸವೇನೂ ಅಲ್ಲ. ಉತ್ತರ ಹೇಳಲಾರದ ಗಾಡಿಯಿಂದ ಸಸಿ ಇಳಿಸಿಕೊಳ್ಳದಿರುವುದೇ ಲೇಸು.

ನನ್ನ ಪರಿಚಿತರು ಕಳೆದ ಸಲ ಸಿಕ್ಕಾಗ ಮತ್ತೆ ಹತ್ತು ಗಿಡ ನೆಡುವ ಯೋಚನೆಯಲ್ಲಿದ್ದರು. ಈ ಬಾರಿ ಸಂತೆಗೆ ಹೋಗುವುದಿಲ್ಲವೆಂದರು. “ತಾಯಿ ಯಾರು ಅಂತ ಬರೆದುಕೊಟ್ಟರೆ ಮಾತ್ರ ತರೋದು. ಅಲ್ಲೀತನಕ ಗುಂಡಿ ತೋಡಿಟ್ಟಿರ್ತೀನಿ” ಎಂದರು. ಗುಂಡಿಗಳು ನಾನು ನೋಡಿದಾಗ ಬಿಸಿಲಿಗೆ ಆರುತ್ತಿದ್ದವು.